ಚೀಲದಲ್ಲಿ ಬಂದ ವಾಚ್‌ಮನ್

ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಮೀಸೆ ಇರಲೇಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ದಹಿಸರ್‌ನ ಹಿರಿಯಣ್ಣನವರಿಗೆ ಗೊತ್ತಿದ್ದಂತೆ ಕಂಡಿತು. ಬಾಗಿಲು ತೆರೆದವರು ಎದುರಿಗೆ ವಾಯಲ್ ಸೀರೆ ಉಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿ, ಹೆಗಲಿಗೆ ಕಪ್ಪು ಬ್ಯಾಗು ಏರಿಸಿ ನಿಂತಿದ್ದ ಹೆಂಗಸನ್ನು ಒಮ್ಮೆ ನೋಡಿ, ಅವಳ ಹಿಂದೆ ಇನ್ನಾರೋ ಬರುತ್ತಿರಬೇಕೆಂದು ಮೆಟ್ಟಿಲ ಕಡೆ ಕತ್ತು ಚಾಚಿದರು.

"ಮೆಕ್ಯಾನಿಕ್ ಕಿಧರ್ ಹೈ?"

ಬಾಗಿಲ ಮೇಲಿನ ಹೆಸರಿನ ಹಲಗೆಯಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಹೆಸರಿತ್ತು. ಅದನ್ನು ಓದಿಕೊಂಡಿದ್ದ ಗುರುಬಾಯಿ ನಕ್ಕಳು. "ಮೆಕ್ಯಾನಿಕ್ ನಾನೇ ಇದ್ದೀನ್ರಿ ಸರ. ಕಾಂದಿವಲಿ ವೈಶಾಲಿ ಮೇಡಂ ಅಂಗಡಿಂದ ಬಂದೀನಿ. ಒಳಗ ಬರ್ಲೇನ್ರಿ?"

ಹಿರಿಯಣ್ಣನವರು ಮೈಸೂರಿನ ಕಡೆಯವರು. ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರಾಗಿ ನಿವೃತ್ತರಾಗಿ, ಈಗ ಬಿಲ್ಡಿಂಗ್ ಸೊಸೈಟಿಯ ಕಾರ್ಯದರ್ಶಿ. ಕನ್ನಡ ಕೇಳಿದ ಖುಷಿ ಒಂದು ಕಡೆ, ಅನುಮಾನ ಇನ್ನೊಂದು ಕಡೆ. ಎರಡನ್ನೂ ಮುಖದಲ್ಲಿ ಇಟ್ಟುಕೊಂಡೇ "ಬನ್ನಿ, ಬನ್ನಿ" ಎಂದು ದಾರಿ ಬಿಟ್ಟರು.

ಅವರ ಅನುಮಾನದಿಂದ ಗುರುಬಾಯಿಗೆ ಬೇಸರವೇನೂ ಆಗಲಿಲ್ಲ. ಆರು ವರ್ಷದ ಹಿಂದೆ ಯಾರಾದರೂ ನೀನು ಮೆಕ್ಯಾನಿಕ್ ಆಗುತ್ತೀ ಎಂದು ಹೇಳಿದ್ದರೆ ಅವಳೇ ನಂಬುತ್ತಿರಲಿಲ್ಲ. ಅಫಜಲಪುರ ತಾಲ್ಲೂಕಿನಿಂದ ಗಂಡ ಶರಣಬಸಪ್ಪನ ಜೊತೆ ಮುಂಬಯಿಗೆ ಬಂದಾಗ ಅವಳು ಹೊತ್ತದ್ದು ಬ್ಯಾಗಲ್ಲ, ಸಿಮೆಂಟಿನ ಬುಟ್ಟಿ. ಬಿಲ್ಡಿಂಗ್ ಎದ್ದು ನಿಂತ ಕೂಡಲೇ ಗಂಟುಮೂಟೆ ಕಟ್ಟಿ ಮುಂದಿನ ಬಿಲ್ಡಿಂಗಿಗೆ. ಕತ್ತು ನೋವು ಹೆಚ್ಚಾಗಿ ಬುಟ್ಟಿ ಬಿಟ್ಟ ಮೇಲೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಅಲ್ಲಿ ಗಾಳಾ ಎಂದು ಕರೆಯುವ ಸಾಲು ಮಳಿಗೆಗಳಲ್ಲೊಂದು ವೈಶಾಲಿಯ ಅಂಗಡಿ. ಆಫೀಸುಗಳು ಬಿಸಾಡುವ ಹಳೆಯ ಕಂಪ್ಯೂಟರುಗಳನ್ನು ತಂದು, ಸರಿಮಾಡಿ, ಮಾರುವುದು ಆಕೆಯ ವ್ಯಾಪಾರ. ನೆಲದ ಜೊತೆಗೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಧೂಳನ್ನೂ ಬ್ರಶ್ಶಿನಿಂದ ತೆಗೆಯುವುದು ಗುರುಬಾಯಿಯ ಪಾಲಿಗೆ ಬಂತು.

ಧೂಳು ತೆಗೆಯುವವರಿಗೆ ಕಾಣುವಷ್ಟು ಬೇರೆಯವರಿಗೆ ಕಾಣುವುದಿಲ್ಲ. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಫ್ಯಾನು ತಿರುಗುವುದನ್ನು ಮರೆತಿದೆ ಎಂಬುದೆಲ್ಲ ಅವಳ ಕೈಗೆ ಬಂದುಬಿಟ್ಟಿತು. ಒಂದು ದಿನ ಅಂಗಡಿಯ ಮೂವರು ಮೆಕ್ಯಾನಿಕ್‌ಗಳು ಕೈಚೆಲ್ಲಿ ಕೂತಿದ್ದ ಯಂತ್ರವೊಂದನ್ನು ಒರೆಸುತ್ತ, "ಇದರ ಒಂದು ವೈರು ಸಡ್ಲ ಆಗೇದ" ಎಂದಳು. ಆಗಿತ್ತು. ವೈಶಾಲಿ ಒಂದು ಸ್ಟೂಲು ಎಳೆದು ತನ್ನ ಪಕ್ಕಕ್ಕೆ ಹಾಕಿದಳು.

ಮುಂದಿನದು ಓದು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದ ಗುರುಬಾಯಿ ಇಂಗ್ಲಿಷ್ ಅಕ್ಷರಗಳನ್ನು ಕೀಬೋರ್ಡ್ ನೋಡಿಯೇ ಕಲಿತಳು. ಹಾಗಾಗಿ ಇಂದಿಗೂ ಅವಳಿಗೆ ಎ, ಬಿ, ಸಿ, ಡಿ ಹೇಳು ಎಂದರೆ ತಡವರಿಸುತ್ತಾಳೆ; ಕ್ಯೂ, ಡಬ್ಲ್ಯೂ, ಇ, ಆರ್ ಹೇಳು ಎಂದರೆ ಒಂದೇ ಉಸಿರಿಗೆ ಕೊನೆಯವರೆಗೂ ಹೇಳುತ್ತಾಳೆ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನೆಲ್ಲ ನೂರು ಪುಟದ ನೋಟುಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. ಒಂದೊಂದು ಕಾಯಿಲೆಗೆ ಒಂದೊಂದು ಪುಟ, ಪುಟದ ತುದಿಗೆ ಅರಿಶಿನದ ಬೆರಳಿನ ಗುರುತು.

ಆದರೂ ಅಂಗಡಿಯ ಬೆಂಚಿನಲ್ಲಿ ಕೂತು ಮಾಡುವ ರಿಪೇರಿ ಬೇರೆ, ಮನೆಮನೆಗೆ ಹೋಗುವ ಮೆಕ್ಯಾನಿಕ್ ಬೇರೆ. ಸಲಕರಣೆಗಳ ಕಪ್ಪು ಬ್ಯಾಗು ಆ ಮೂವರು ಗಂಡಸರಿಗೆ ಮಾತ್ರ. ಗುರುಬಾಯಿ ಎರಡು ವರ್ಷ ಬೇಡಿ, ಕಾಡಿ, ಕೊನೆಗೊಮ್ಮೆ ಮಾತು ಬಿಟ್ಟು ಕೂತ ಮೇಲೆ ಇವತ್ತು ಬೆಳಿಗ್ಗೆ ವೈಶಾಲಿ ಬ್ಯಾಗು ಅವಳ ಕೈಗಿಟ್ಟಿದ್ದಳು. "ಜಾ. ಪಣ ಕಾಮ ಪರತ ಯೇತಾ ಕಾಮಾ ನಯೇ." ಹೋಗು, ಆದರೆ ಮಾಡಿದ ಕೆಲಸ ತಿರುಗಿ ಬರಬಾರದು. ತಿರುಗಿ ಬಂದ ಕೆಲಸವನ್ನು ಕೆಂಪು ಶಾಯಿಯಲ್ಲಿ ಬರೆಯಲು ಅಂಗಡಿಯಲ್ಲಿ ಒಂದು ರಿಜಿಸ್ಟರೇ ಇತ್ತು, ಮಾಡಿದವರ ಹೆಸರಿನ ಸಮೇತ. ಮೊದಲ ಕೆಲಸಕ್ಕೇ ಅದರಲ್ಲಿ ಹೆಸರು ಬಿದ್ದರೆ ಬ್ಯಾಗು ಮತ್ತೆ ಮೊಳೆಗೆ, ಗುರುಬಾಯಿ ಮತ್ತೆ ಬೆಂಚಿಗೆ ಮತ್ತು ಪೊರಕೆಗೆ. ಇದನ್ನು ವೈಶಾಲಿ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಒಳಗೆ ಕಂಪ್ಯೂಟರಿನ ಮುಂದೆ ಹಿರಿಯಣ್ಣನವರ ಮಗಳು ಧಾತ್ರಿ ತಲೆಗೆ ಕೈಹೊತ್ತು ಕೂತಿದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಮೂರು ವರ್ಷದಿಂದ ದಹಿಸರ್ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಮಂಡಿಯವರೆಗೆ ಇಳಿದು ಏಡಿ ಎಣಿಸುತ್ತಿದ್ದಾಳೆ, ಪಿಎಚ್.ಡಿ.ಗಾಗಿ.

"ಆಂಟಿ, ಇದರಲ್ಲಿ ದೋ ಸಿಸ್ಟಮ್ ಇದೆ. ಪಪ್ಪಾಗೆ ವಿಂಡೋಸ್, ನನಗೆ ಲಿನಕ್ಸ್. ಮೊದಲು ಆನ್ ಮಾಡಿದರೆ ಕೇಳುತ್ತಿತ್ತು, ಯಾವುದು ಬೇಕು ಅಂತ. ಅಬ್ ಕೇಳೋದೇ ಇಲ್ಲ! ಸೀದಾ ವಿಂಡೋಸ್. ನನ್ನ ಲಾಸ್ಟ್ ಚಾಪ್ಟರ್ ಲಿನಕ್ಸ್ ಒಳಗೆ. ಪರಸೋಂ, ನಾಡಿದ್ದೇ, ಸಬ್‌ಮಿಟ್ ಮಾಡಬೇಕು. ನಿನ್ನೆ ಒಬ್ಬ ಬಂದಿದ್ದ, ಫಾರ್ಮ್ಯಾಟ್ ಮಾಡಬೇಕು ಅಂದ. ನಾನು ಓಡಿಸಿದೆ."

ಈ ಊರಿನಲ್ಲಿ ಅರ್ಧದಷ್ಟು ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಮದ್ದು ಅದೊಂದೇ. ನೆಗಡಿಯಾದರೂ ಫಾರ್ಮ್ಯಾಟ್, ಜ್ವರ ಬಂದರೂ ಫಾರ್ಮ್ಯಾಟ್. ಇದ್ದದ್ದೆಲ್ಲ ಅಳಿಸಿ ಹೊಸದಾಗಿ ಶುರುಮಾಡುವುದಕ್ಕೆ ಮೆಕ್ಯಾನಿಕ್ ಯಾಕೆ ಬೇಕು ಎಂದು ಕೇಳಿದರೆ ಅವರಿಗೆ ಕೋಪ ಬರುತ್ತದೆ.

"ಓಡಿಸಿದ್ದು ಚೊಲೋ ಮಾಡಿದಿ ನೋಡವ್ವ," ಎಂದಳು ಗುರುಬಾಯಿ. "ನಿಮ್ಮ ಬಿಲ್ಡಿಂಗಿಗಿ ಎರಡು ವಿಂಗ್ ಅದಾವಲ್ಲ, ಎ ವಿಂಗ್, ಬಿ ವಿಂಗ್? ಗೇಟಿನಾಗ ಒಬ್ಬ ವಾಚ್‌ಮನ್. ಬಂದವರಿಗಿ ಕೇಳ್ತಾನ, ಯಾವ ವಿಂಗಿಗಿ ಹೋಗ್ತೀರಿ ಅಂತ. ಕಂಪ್ಯೂಟರ್‌ದಾಗೂ ಹಂಗೇ ಒಬ್ಬ ಇರ್ತಾನ. ಬೂಟ್ ಲೋಡರ್ ಅಂತಾರ ಅವಗ. ಈಗ ಯಾರೋ ಹಳೇ ವಾಚ್‌ಮನ್‌ಗ ಓಡಿಸಿ ಹೊಸಬನ್ನ ಕೂಡಿಸ್ಯಾರ. ಹೊಸಬಗ ಎ ವಿಂಗ್ ಒಂದೇ ಗೊತ್ತು. ಬಿ ವಿಂಗ್ ಎಲ್ಲೂ ಹೋಗಿಲ್ಲ, ನಿಂತೇ ಅದ. ನಿನ್ನ ಏಡಿ ಎಲ್ಲಾ ಅಲ್ಲೇ ಆರಾಮ ಅದಾವ."

ಧಾತ್ರಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು. ಹಿರಿಯಣ್ಣನವರು ಮಾತ್ರ ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ಗಿಡಕ್ಕೆ ನೀರು ಹಾಕತೊಡಗಿದರು.

ಗುರುಬಾಯಿ ಬ್ಯಾಗಿನಿಂದ ಮೊದಲು ತೆಗೆದದ್ದು ಸ್ಕ್ರೂಡ್ರೈವರಲ್ಲ, ಬ್ರಶ್ಶು. ಎಂಥ ಕಾಯಿಲೆಯೇ ಇರಲಿ, ಧೂಳು ತೆಗೆಯದೆ ಅವಳು ಯಂತ್ರವನ್ನು ಮುಟ್ಟುವವಳಲ್ಲ. ಅಂಗಡಿಯ ಗಂಡಸರು ಇದಕ್ಕೆ ನಗುತ್ತಿದ್ದರು, ಬೆಂಚಿಗೆ ಬಂದರೂ ಕಸ ಗುಡಿಸುವ ಚಟ ಬಿಟ್ಟಿಲ್ಲ ಎಂದು. ಅವಳು ಮೇಲಿನಿಂದ ಕೆಳಗೆ ನಿಧಾನವಾಗಿ ಬ್ರಶ್ಶು ಆಡಿಸುತ್ತ ಬಂದು ಒಂದು ಕಡೆ ನಿಂತಳು.

"ಸರ, ಡಬ್ಬಿ ಮ್ಯಾಲ ಎಲ್ಲಾ ಕಡಿ ಧೂಳದ. ಸಿಡಿ ಹಾಕೋ ಬಾಯಿ ಮ್ಯಾಲ ಮಾತ್ರ ಒಂದು ಕಣನೂ ಇಲ್ಲ. ಬೆರಳಿನ ಗುರ್ತು ಹಂಗೇ ಅದ. ಈಗೀಗ ಯಾರರ ಇದರಾಗ ಸಿಡಿ ಹಾಕೀರೇನ್ರಿ?"

ಗಿಡದ ಕುಂಡ ತುಂಬಿ ನೀರು ನೆಲಕ್ಕೆ ಹರಿಯಿತು. ಹಿರಿಯಣ್ಣನವರ ಕಿವಿ ಕೆಂಪಾಯಿತು.

"ಅದು... ಭಾನುವಾರ ಧಾತ್ರಿ ಖಾಡಿಗೆ ಹೋಗಿದ್ದಳಲ್ಲ," ಎಂದು ಶುರುಮಾಡಿದರು. "ವಿಂಡೋಸ್ ತುಂಬಾ ನಿಧಾನ ಆಗಿತ್ತು. ಸೊಸೈಟಿ ನೋಟೀಸು ಒಂದು ಟೈಪ್ ಮಾಡೋಕೆ ಅರ್ಧ ದಿನ. ಅದರ ಹಳೇ ಸಿಡಿ ಇತ್ತು. ಹೊಸದಾಗಿ ಹಾಕಿಬಿಡೋಣ ಅಂತ... ನನ್ನ ಭಾಗಕ್ಕೆ ಮಾತ್ರ ಹಾಕಿದ್ದಮ್ಮ! ಅವಳ ಭಾಗ ಮುಟ್ಟೇ ಇಲ್ಲ."

"ಪಪ್ಪಾ! ತಾನಾಗೇ ಹೀಗಾಯಿತು ಅಂದಿರಲ್ಲ!"

"ತಾನಾಗೇ ಆಗಿದ್ದೇ. ಆಗಲಿ ಅಂತ ನಾನೇನು ಮಾಡಿದೆನಾ?"

ನಲವತ್ತು ವರ್ಷ ಎಂಜಿನಿಯರಾಗಿದ್ದವರು ಮಗಳ ಮುಂದೆ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನಂತೆ ನಿಂತಿದ್ದರು. ಗುರುಬಾಯಿಗೆ ಅವರ ಮೇಲೆ ಮರುಕ ಬಂತು. "ಹೋಗ್ಲಿ ಬಿಡವ್ವ. ಹೊಸಾ ವಿಂಡೋಸ್ ಬರೋವಾಗ ತನ್ನ ವಾಚ್‌ಮನ್‌ಗ ತಾನೇ ಕರ್ಕೊಂಡು ಬರ್ತದ. ಅದು ಸರಗ ಹ್ಯಾಂಗ ಗೊತ್ತಾಗಬೇಕು?" ಎಂದಳು. ಹಿರಿಯಣ್ಣನವರು ಆ ಕ್ಷಣದಿಂದ ಅವಳ ಪಕ್ಷ ಸೇರಿದರು. ಒಳಗೆ ಹೋಗಿ ತಾವೇ ಕಾಫಿ ಮಾಡಿ ತಂದರು.

ಗುರುಬಾಯಿ ತನ್ನ ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿ, ಧಾತ್ರಿಯ ಭಾಗವನ್ನು ಹುಡುಕಿ ತೆರೆದಳು. ಏಡಿಗಳ ಕಡತ ಸಾಲಾಗಿ ನಿಂತಿತ್ತು. ಧಾತ್ರಿ ಚಪ್ಪಾಳೆ ತಟ್ಟಿದಳು. "ಅದನ್ನೊಂದು ಕಾಪಿ ಮಾಡ್ಕೋ ಮೊದಲು" ಎಂದರೆ, "ಈಗ ಸಿಕ್ಕಿತಲ್ಲ ಆಂಟಿ, ಶಾಮ್ ಕೋ ಮಾಡ್ತೀನಿ" ಎಂದಳು. ಆ ವಯಸ್ಸಿನವರಿಗೆ ಎಲ್ಲವೂ ಸಂಜೆಗೆ.

ಗುರುಬಾಯಿ ನೋಟುಬುಕ್ಕಿನ ಪುಟ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡಳು. ಒಂದೊಂದು ಸಾಲಿಗೂ ಬೆರಳಿಟ್ಟು, ಒಂದೊಂದು ಅಕ್ಷರವಾಗಿ ಒತ್ತಿ, ಸಾಲಿನ ಮುಂದೆ ಪೆನ್ಸಿಲ್ಲಿನ ಗೀಟು ಎಳೆಯುತ್ತ ಹೋದಳು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು: ವಾಚ್‌ಮನ್ ಹಾಕುವುದು ಎರಡನೇ ಡಿಸ್ಕಿಗೆ. ಹಾಕಿದಳು. ಕಂಪ್ಯೂಟರು ತಕರಾರಿಲ್ಲದೆ ಮುಗಿಯಿತು ಎಂದಿತು. ಮತ್ತೆ ಶುರುಮಾಡಿದಾಗ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡಿ ಯಾವುದು ಬೇಕು ಎಂದು ಕೇಳಿತು.

ಧಾತ್ರಿ ಎದ್ದು ಕುಣಿದಳು. ಹಿರಿಯಣ್ಣನವರು "ಭಲೇ!" ಎಂದರು. ಗುರುಬಾಯಿ ಕಂಪ್ಯೂಟರ್ ಆರಿಸಿ, ಪೆನ್‌ಡ್ರೈವ್ ಕಿತ್ತು ಬ್ಯಾಗಿಗೆ ಹಾಕಿ, ಬ್ರಶ್ಶು ಜಾಡಿಸಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ನಲವತ್ತೇಳನೆಯ ವಯಸ್ಸಿಗೆ ಹಾಗೆ ಇಳಿಯಬಾರದು, ಆದರೆ ಇಳಿದಳು.

ಮಧ್ಯಾಹ್ನದ ಲೋಕಲಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಸಂಜೆ ಶರಣಬಸಪ್ಪನಿಗೆ ಈ ಕಥೆ ಎಲ್ಲಿಂದ ಶುರುಮಾಡಿ ಹೇಳಬೇಕು ಎಂದು ಅವಳು ಲೆಕ್ಕ ಹಾಕುತ್ತಿದ್ದಾಗ, ಬೋರಿವಲಿ ದಾಟುತ್ತಿದ್ದಂತೆ ಫೋನು ಬಂತು.

"ಆಂಟಿ," ಧಾತ್ರಿಯ ದನಿ ಕುಗ್ಗಿತ್ತು, "ಫಿರ್ ಸೇ ಅದೇ. ಆನ್ ಮಾಡಿದೆ, ಸೀದಾ ವಿಂಡೋಸ್. ಕೇಳಲೇ ಇಲ್ಲ."

ಗುರುಬಾಯಿ ಅರ್ಧ ಗಂಟೆಯ ಹಿಂದೆ ಕಣ್ಣಾರೆ ನೋಡಿದ್ದಳಲ್ಲ! ನೋಟುಬುಕ್ಕು ತೆಗೆದು ಆ ಪುಟ ಬಿಚ್ಚಿದಳು. ಎಲ್ಲ ಸಾಲಿಗೂ ಗೀಟು ಇತ್ತು, ಒಂದೂ ತಪ್ಪಿರಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು. ಎರಡನೇ ಡಿಸ್ಕು. ಅಂಗಡಿಯ ಬೆಂಚಿನಲ್ಲಿ ಮೊದಲನೇ ಡಿಸ್ಕು ಬೆಂಚಿನ ಕಂಪ್ಯೂಟರಿನದೇ. ಗಿರಾಕಿಯ ಡಿಸ್ಕನ್ನು ಬಿಚ್ಚಿ ತಂದು ಅದಕ್ಕೆ ಜೋಡಿಸುತ್ತಾರೆ, ಅದು ಯಾವಾಗಲೂ ಎರಡನೇದು. ಇಷ್ಟು ವರ್ಷ ಎರಡನೇದು ಎಂದರೆ ಗಿರಾಕಿಯದು. ಆದರೆ ಇವತ್ತು ಅವಳು ಬೆಂಚಿನಲ್ಲಿರಲಿಲ್ಲ, ಗಿರಾಕಿಯ ಮನೆಯಲ್ಲಿದ್ದಳು. ಅಲ್ಲಿ ಮೊದಲನೇದು ಅವರ ಡಿಸ್ಕು. ಕಂಪ್ಯೂಟರಿನ ಲೆಕ್ಕಕ್ಕೆ ಎರಡನೇದು ಅವಳ ಪೆನ್‌ಡ್ರೈವ್. ಅದು ಚುಚ್ಚಿಕೊಂಡಿರುವಾಗಲೇ ಪರೀಕ್ಷೆಯನ್ನೂ ಮಾಡಿದ್ದಳು. ಕಿತ್ತ ಮೇಲೆ ಮತ್ತೊಮ್ಮೆ ಹಚ್ಚಿ ನೋಡಿರಲಿಲ್ಲ.

"ಅಯ್ಯ ಶಿವನೇ! ವಾಚ್‌ಮನ್‌ಗ ನಾನೇ ಚೀಲದಾಗ ಹಾಕ್ಕೊಂಡು ಬಂದೀನಲ್ಲ!"

ಲೇಡೀಸ್ ಡಬ್ಬಿಯೆಲ್ಲ ತಿರುಗಿ ನೋಡಿತು. ಎದುರಿನ ಸೀಟಿನಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ವಾಚ್‌ಮನ್ ಎಂಬ ಮಾತೊಂದನ್ನು ಹಿಡಿದು, ಆ ಬ್ಯಾಗಿನಲ್ಲಿ ಎಷ್ಟು ಚಿಕ್ಕವನು ಹಿಡಿಸಬಹುದು ಎಂಬಂತೆ ಅದರ ಮೇಲೆ ಕಣ್ಣಾಡಿಸಿದಳು. ಗುರುಬಾಯಿ ಕಾಂದಿವಲಿಯಲ್ಲಿ ಇಳಿದು, ಸೇತುವೆ ಹತ್ತಿ, ಆ ಕಡೆಯ ಪ್ಲಾಟ್‌ಫಾರ್ಮಿನಿಂದ ತಿರುಗಿ ದಹಿಸರ್ ಗಾಡಿ ಹಿಡಿದಳು. ಸೇತುವೆಯ ಮೇಲಿಂದ ಅಂಗಡಿಯ ಕಡೆಗೆ ಹೋಗುವ ರಸ್ತೆ ಕಾಣುತ್ತಿತ್ತು. ಅತ್ತ ನೋಡಲು ಮನಸ್ಸಾಗಲಿಲ್ಲ.

ಬಾಗಿಲು ತೆರೆದ ಹಿರಿಯಣ್ಣನವರಿಗೆ ಅವಳು ಮೊದಲು ಹೇಳಿದ್ದೇ ಅದು. "ತಪ್ಪು ನಂದೇ ರೀ ಸರ. ನಿಮ್ಮ ಕಂಪ್ಯೂಟರ್‌ದಲ್ಲ."

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಹಚ್ಚಿದಳು. ಕೂಡಲೇ ಎರಡು ಸಾಲು ಬಂದವು. ಧಾತ್ರಿ ಅರೆಕ್ಷಣ ನೋಡಿ, "ಅರೇ, ಬಸ್! ಆಂಟಿ, ಇದನ್ನ ಇಲ್ಲೇ ಬಿಟ್ಟು ಹೋಗಿ. ಹಿಂದೆ ಲಗಾಕೇ ಇಡ್ತೀನಿ, ತೆಗೆಯೋಲ್ಲ. ಪ್ರಾಬ್ಲಮ್ ಖತಮ್," ಎಂದಳು.

ಹಿರಿಯಣ್ಣನವರೂ ತಲೆಯಾಡಿಸಿದರು. "ಹೌದಮ್ಮ. ನಾವು ನಿಮ್ಮ ಅಂಗಡಿಗೆ ಫೋನೂ ಮಾಡಿಲ್ಲ. ನೀವು ತಿರುಗಿ ಬಂದಿದ್ದು ಯಾರಿಗೂ ಗೊತ್ತಾಗಬೇಕಾಗಿಲ್ಲ."

ಆಸೆಯಾಯಿತು ಎಂದು ಹೇಳದಿದ್ದರೆ ಸುಳ್ಳಾದೀತು. ಪೆನ್‌ಡ್ರೈವ್ ಬಿಟ್ಟು ಹೋದರೆ ಕೆಲಸ ನಡೆಯುತ್ತಿತ್ತು, ರಿಜಿಸ್ಟರು ಖಾಲಿ ಇರುತ್ತಿತ್ತು, ಬ್ಯಾಗು ಅವಳದೇ ಆಗುತ್ತಿತ್ತು. ಗುರುಬಾಯಿ ಕಂಪ್ಯೂಟರಿನ ಹಿಂದೆ ಚಾಚಿಕೊಂಡಿದ್ದ ಆ ಪೆನ್‌ಡ್ರೈವನ್ನು ನೋಡಿದಳು. ಗುಡಿಸುವವಳ ಪೊರಕೆ ತಾಗುವ ಎತ್ತರಕ್ಕೇ ಇತ್ತು. ಈ ಮನೆಯಲ್ಲೂ ಯಾರೋ ಒಬ್ಬಳು ದಿನವೂ ಗುಡಿಸುತ್ತಾಳೆ. ಒಂದು ದಿನ ಅದು ಕಳಚಿ ಬಿದ್ದರೆ, ಆ ತಪ್ಪು ಅವಳ ತಲೆಗೆ ಬರುತ್ತದೆ. ಅಂಥ ಮಾತುಗಳನ್ನು ಗುರುಬಾಯಿ ಬೇಕಾದಷ್ಟು ಕೇಳಿದ್ದಳು.

"ಬ್ಯಾಡ್ರಿ ಸರ," ಎಂದಳು. "ವಾಚ್‌ಮನ್ ಗೇಟಿನ ಒಳಗ ಇರಬೇಕು. ಬೀದ್ಯಾಗ ಕುರ್ಚಿ ಹಾಕ್ಕೊಂಡು ಕುಂತ್ರ ಎಷ್ಟು ದಿನ ನಡೀತದ?"

ಈ ಸಲ ಕೆಲಸ ಸುಲಭವಾಗಿತ್ತು. ಪೆನ್‌ಡ್ರೈವಿನ ದಾರಿಯಿಂದ ಧಾತ್ರಿಯ ಲಿನಕ್ಸಿನ ಒಳಗೆ ಹೋಗಿ, ಒಳಗಿನಿಂದಲೇ ವಾಚ್‌ಮನ್‌ನನ್ನು ಮೊದಲನೇ ಡಿಸ್ಕಿಗೆ ಕೂರಿಸುವುದು. ಒಂದೇ ಸಾಲು. ಆದರೆ ಅದಕ್ಕೂ ಮೊದಲು ಧಾತ್ರಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೊನೆಯ ಅಧ್ಯಾಯವನ್ನು ಅವಳ ಗೈಡಿಗೆ ಮೇಲ್ ಮಾಡಿಸಿದಳು. "ಸಂಜಿಗಿ ಅಲ್ಲ. ಈಗ." ಹಿರಿಯಣ್ಣನವರು ಹಿಂದೆ ನಿಂತು "ಈಗಲೇ" ಎಂದು ದನಿಗೂಡಿಸಿದರು. ಧಾತ್ರಿ ಅವರ ಕಡೆ ತಿರುಗಿ ಒಂದು ನೋಟ ಕೊಟ್ಟ ಮೇಲೆ ಮತ್ತೆ ಗಿಡದ ಹತ್ತಿರ ಹೋದರು.

ಆಮೇಲೆ ಗುರುಬಾಯಿ ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿದಳು. ಮೂರು ಸಲವೂ ಕೇಳಿತು. ನೋಟುಬುಕ್ಕಿನ ಕೊನೆಯ ಸಾಲನ್ನು ಹೊಡೆದುಹಾಕಿ, ಗಿರಾಕಿಯ ಡಿಸ್ಕು ಯಾವುದು, ಮೊದಲು ನೋಡು ಎಂದು ಬರೆದುಕೊಂಡಳು. ಇನ್ನೊಂದು ಲೋಟ ಕಾಫಿ ಕುಡಿಯದೆ ಹಿರಿಯಣ್ಣನವರು ಬಿಡಲಿಲ್ಲ.

ಅಂಗಡಿಗೆ ಬಂದಾಗ ಆರು ಗಂಟೆ. ವೈಶಾಲಿ ಯಾರದೋ ಮದರ್‌ಬೋರ್ಡಿನ ಮೇಲೆ ಬಗ್ಗಿದ್ದವಳು ತಲೆ ಎತ್ತದೆ "ಝಾಲಾ?" ಎಂದಳು. ಆಯಿತೆ? ಗುರುಬಾಯಿ ಕಪಾಟಿನಿಂದ ರಿಜಿಸ್ಟರ್ ತೆಗೆದು, ಕೆಂಪು ಪೆನ್ನು ಹಿಡಿದು, ಆ ದಿನದ ತಾರೀಖಿನ ಮುಂದೆ ತನ್ನ ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಳು. ಎರಡು ವರ್ಷ ಬೇಡಿದ್ದನ್ನು ಒಂದೇ ದಿನದಲ್ಲಿ ತಾನೇ ಕಳೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಿತ್ತು.

ವೈಶಾಲಿ ಎದ್ದು ಬಂದು ನೋಡಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಆ ಅಂಗಡಿಯಲ್ಲಿ ಕನ್ನಡದಲ್ಲಿ ಬರೆಯುವವರು ಇನ್ಯಾರಿದ್ದಾರೆ? "ಯಾರು ಕಂಪ್ಲೇಂಟ್ ಮಾಡಿದರು? ನನಗೆ ಫೋನು ಬಂದಿಲ್ಲವಲ್ಲ," ಎಂದು ಮರಾಠಿಯಲ್ಲಿ ಕೇಳಿದಳು.

ಗುರುಬಾಯಿ ತನ್ನ ಹರಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಎರಡನೇ ಡಿಸ್ಕು, ಬ್ಯಾಗಿನಲ್ಲಿ ಬಂದ ವಾಚ್‌ಮನ್, ಸೇತುವೆ, ಎರಡನೆಯ ಸಲದ ದಹಿಸರ್. ವೈಶಾಲಿಯ ಮುಖ ಸ್ವಲ್ಪ ಹೊತ್ತು ಗಂಭೀರವಾಗಿಯೇ ಇತ್ತು. ಲೋಕಲಿನ ಮೆಂತ್ಯೆ ಸೊಪ್ಪಿನ ಹೆಂಗಸು ಬ್ಯಾಗು ನೋಡಿದ ಭಾಗಕ್ಕೆ ಬಂದಾಗ ತಡೆಯಲಾರದೆ ನಕ್ಕು, ಕಣ್ಣು ಒರೆಸಿಕೊಂಡಳು. ನಕ್ಕಳೇ ಹೊರತು ಬ್ಯಾಗಿನ ಮಾತು ಎತ್ತಲಿಲ್ಲ. ಗುರುಬಾಯಿ ಅದನ್ನು ಮೊಳೆಗೆ ತೂಗುಹಾಕಿ ಮನೆಗೆ ಹೋದಳು. ಶರಣಬಸಪ್ಪನಿಗೆ ಕಥೆ ಹೇಳುವ ಹುಮ್ಮಸ್ಸು ಉಳಿದಿರಲಿಲ್ಲ.

ಮರುದಿನ ಎಂಟು ಗಂಟೆಗೆ ಎಂದಿನಂತೆ ಗುಡಿಸಲು ಎಲ್ಲರಿಗಿಂತ ಮೊದಲೇ ಬಂದಳು. ಗಾಳಾದ ಶಟರ್ ಆಗಲೇ ತೆರೆದಿತ್ತು. ಬಾಗಿಲ ಹಿಂದಿನ ಮೂಲೆಗೆ ಕೈಹಾಕಿದರೆ ಪೊರಕೆ ಅಲ್ಲಿರಲಿಲ್ಲ.

ವೈಶಾಲಿ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ ಗುಡಿಸುತ್ತಿದ್ದಳು. ಗುಡಿಸುವುದೆಂದರೆ ಕಸವನ್ನು ಈ ಕಡೆಯಿಂದ ಆ ಕಡೆಗೆ ಕಳಿಸುವುದು ಎಂದು ತಿಳಿದಂತಿತ್ತು. ಬೆಂಚಿನ ಮೇಲೆ ಕಪ್ಪು ಬ್ಯಾಗು, ಅದರ ಮೇಲೆ ಒಂದು ಚೀಟಿ.

"ಕೊಡ್ರಿ ಇಲ್ಲಿ ಮೇಡಂ," ಗುರುಬಾಯಿ ಕನ್ನಡದಲ್ಲೇ ಅಂದು ಕೈ ಚಾಚಿದಳು.

ವೈಶಾಲಿ ಪೊರಕೆಯನ್ನು ಬೆನ್ನ ಹಿಂದಕ್ಕೆ ಒಯ್ದಳು. "ತೂ ನಿಘ. ಭಾಯಖಳಾ ಲಾಂಬ ಆಹೇ." ನೀನು ಹೊರಡು, ಬೈಕುಲ್ಲಾ ದೂರ.

ಗುರುಬಾಯಿ ಚೀಟಿ ಓದಿದಳು. ಬೈಕುಲ್ಲಾ ಮಾರ್ಕೆಟ್ಟಿನ ಒಬ್ಬ ವ್ಯಾಪಾರಿಯ ವಿಳಾಸ. ಮೆಕ್ಯಾನಿಕ್‌ನ ಹೆಸರು ಬರೆಯುವ ಜಾಗದಲ್ಲಿ ವೈಶಾಲಿ ರಿಜಿಸ್ಟರನ್ನು ನೋಡಿಕೊಂಡು, ನಿನ್ನೆಯ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಚಿತ್ರದಂತೆ ಬರೆದಿದ್ದಳು. ಸೊಟ್ಟಂಬಟ್ಟ ಕನ್ನಡದಲ್ಲಿ, ನೀಲಿ ಶಾಯಿಯಲ್ಲಿ, ಗುರುಬಾಯಿ.

ಗುರುಬಾಯಿ ಬ್ಯಾಗಿನ ಝಿಪ್ಪು ತೆಗೆದು ಬ್ರಶ್ಶು ಇದೆಯೇ ನೋಡಿದಳು, ಇತ್ತು. ಹೊರಡುವಾಗ ಬೆಂಚಿನ ಕೆಳಗೆ ನಿನ್ನೆಯ ಕಸ ಹಾಗೆಯೇ ಬಿದ್ದಿರುವುದು ಕಣ್ಣಿಗೆ ಬಿತ್ತು. ಹೇಳಲು ಬಾಯಿ ತೆರೆದವಳು ನಾಲಗೆ ಕಚ್ಚಿಕೊಂಡು, ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ನಡೆದಳು.